ನೆಲೆನಿಂತ ಶಾಲೆ, ಗುಳೆ ಹೋಗುವ ಊರು: ದೇವನಕೊಂಡ ಸೀಮೆಯ ಪ್ರೌಢಶಿಕ್ಷಣ

ಹಳ್ಳಿಯ ಸರ್ಕಾರಿ ಪ್ರೌಢಶಾಲೆಯನ್ನು ಮಕ್ಕಳು ನಡುವೆಯೇ ಬಿಡುವುದಕ್ಕೆ ಬಡತನ, ಹೆತ್ತವರ ಅನಕ್ಷರತೆ ಎಂಬ ಎರಡು ಕಾರಣಗಳನ್ನು ಹೇಳುವುದು ವಾಡಿಕೆ. ಆಂಧ್ರದ ಕರ್ನೂಲು ಜಿಲ್ಲೆಯ ದೇವನಕೊಂಡ ಮಂಡಲದ ಮಟ್ಟಿಗೆ ಇವು ಸುಳ್ಳಲ್ಲ. 2011ರ ಜನಗಣತಿಯಲ್ಲಿ ಅವಿಭಜಿತ ಆಂಧ್ರದ ಸಾಕ್ಷರತೆ ಶೇ. 67ರಷ್ಟಿದ್ದರೆ ಈ ಜಿಲ್ಲೆಯದು ಶೇ. 60ರಷ್ಟಿತ್ತು. ಆದರೆ ಇವಿಷ್ಟೇ ಸಾಲವು. ಶಾಲೆಯ ಸುತ್ತ ವರ್ಷವಿಡೀ ನೆಲೆನಿಂತ ಸಮುದಾಯವೊಂದಿದೆ ಎಂದು ಕಾನೂನು ಭಾವಿಸುತ್ತದೆ. ಇಲ್ಲಿ ಆ ಭಾವನೆಯೇ ಹುಸಿಯಾಗುತ್ತದೆ ಎಂಬುದು ಈ ಲೇಖನದ ವಾದ.

ದೇವನಕೊಂಡವೂ ಸೇರಿದ ಆದವಾನಿ, ಆಲೂರು, ಪತ್ತಿಕೊಂಡಗಳ ಈ ಬಯಲು ಹೆಚ್ಚಾಗಿ ಮಳೆಯನ್ನೇ ನಂಬಿದ ಬೇಸಾಯದ ನಾಡು. ಹತ್ತಿ, ಶೇಂಗಾ ಕೈಗೆ ಬಂದ ಮೇಲೆ ಹೊಲದಲ್ಲಿ ಕೆಲಸವಿರುವುದಿಲ್ಲ. ಕುಟುಂಬಗಳು ಗುಂಟೂರು ಸೀಮೆಯ ಮೆಣಸಿನಕಾಯಿ ಬಿಡಿಸಲು, ತೆಲಂಗಾಣದ ಹತ್ತಿ ಹೊಲಗಳಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಮೆಣಸಿನಕಾಯಿ ಸುಗ್ಗಿ ಸಂಕ್ರಾಂತಿಯ ನಂತರ ಏರಿ ಬೇಸಿಗೆಯವರೆಗೂ ನಡೆಯುತ್ತದೆ. ಶಾಲೆಯ ವರ್ಷವಾದರೋ ಜೂನ್‌ನಲ್ಲಿ ಆರಂಭವಾಗಿ ಏಪ್ರಿಲ್‌ನಲ್ಲಿ ಮುಗಿಯುತ್ತದೆ. ಹತ್ತನೇ ತರಗತಿಯ ಪಬ್ಲಿಕ್ ಪರೀಕ್ಷೆ ಸಾಮಾನ್ಯವಾಗಿ ಮಾರ್ಚ್‌ನಲ್ಲಿ. ಕೂಲಿ ಹೆಚ್ಚು ಸಿಗುವ ದಿನಗಳೂ ಓದು ಬಿಗಿಯಾಗುವ ದಿನಗಳೂ ಒಂದೇ.

ಇಲ್ಲಿ ಕಾನೂನಿನದೇ ಒಂದು ಕಂದರವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 6ರಿಂದ 14 ವರ್ಷದವರಿಗೆ, ಎಂಟನೇ ತರಗತಿಯವರೆಗೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14 ತುಂಬಿದವರನ್ನು ಅಪಾಯಕಾರಿ ಕೆಲಸಗಳಿಂದ ಮಾತ್ರ ದೂರವಿಡುತ್ತದೆ. ಒಂಬತ್ತು, ಹತ್ತನೇ ತರಗತಿಯ ಮಕ್ಕಳು ಈ ಎರಡರ ನಡುವೆ ಸಿಕ್ಕಿಬೀಳುತ್ತಾರೆ. ಶಾಲೆ ಅವರ ಹಕ್ಕಲ್ಲ, ಕೂಲಿಗೆ ಅಡ್ಡಿಯೂ ಇಲ್ಲ. ವಯಸ್ಸಿನಲ್ಲಿ ಪೂರ್ತಿ ಕೂಲಿ ದುಡಿಯಬಲ್ಲವರೂ ಅವರೇ.

ಪರಿಹಾರವೆಂದು ರೂಪಿಸಿದ ವ್ಯವಸ್ಥೆಗಳೂ ಈ ವಯಸ್ಸಿನ ಅಂಚಿನಲ್ಲೇ ಸಡಿಲವಾಗುತ್ತವೆ. ಸರ್ವ ಶಿಕ್ಷಾ ಅಭಿಯಾನದಡಿ ಬಂದ, ಗುಳೆ ಹೋದವರ ಮಕ್ಕಳು ಊರಲ್ಲೇ ಉಳಿದು ಓದಲೆಂದು ತೆರೆದ ಋತುಮಾನದ ವಸತಿನಿಲಯಗಳು ಮುಖ್ಯವಾಗಿ ಪ್ರಾಥಮಿಕ ಹಂತದ ಮಕ್ಕಳಿಗಾದವು. 2020ರಲ್ಲಿ ಆರಂಭವಾದ ಆಂಧ್ರ ಸರ್ಕಾರದ ಅಮ್ಮ ಒಡಿ ಯೋಜನೆ ಮಗುವನ್ನು ಶಾಲೆಗೆ ಕಳಿಸುವ ತಾಯಿಯ ಖಾತೆಗೆ ವರ್ಷಕ್ಕೆ 15,000 ರೂಪಾಯಿ ಗೊತ್ತುಮಾಡಿತು, ಜೊತೆಗೆ ಶೇ. 75 ಹಾಜರಾತಿಯ ಷರತ್ತನ್ನೂ ಇಟ್ಟಿತು. ಗುಳೆ ಹೋದ ಮನೆಯ ಮಗುವಿಗೆ ಈಡೇರಿಸಲು ಕಷ್ಟವಾದದ್ದು ಅದೇ ಷರತ್ತು. ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರಿರಬೇಕೆಂಬುದು ನಿಯಮ. ಸುಗ್ಗಿಯಲ್ಲಿ ಆ ಪಾಲಕರೇ ಊರಲ್ಲಿರುವುದಿಲ್ಲ.

ಗಡಿಯ ಕನ್ನಡ ಮಕ್ಕಳಿಗೆ ಇನ್ನೊಂದು ತೊಡಕಿದೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಅಲ್ಲಿನ ಗಡಿ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮ ಶಾಲೆಗಳು ಇಂದಿಗೂ ಇವೆ. ತೆಲುಗು ಮಾಧ್ಯಮದ ಮಗು ಗುಂಟೂರಿನ ಹಳ್ಳಿಯಲ್ಲಿ ತಾತ್ಕಾಲಿಕವಾಗಿಯಾದರೂ ತರಗತಿಯಲ್ಲಿ ಕೂರಬಲ್ಲದು; ಅಂಥ ಗಡಿ ಊರಾದ ಹೊಳಗುಂದಿಯ ಕನ್ನಡ ಮಗುವಿಗೆ ಅಲ್ಲಿ ತನ್ನ ಪಾಠವೇ ಸಿಗದು. ಬೆಂಗಳೂರಿಗೆ ಹೋದ ದೇವನಕೊಂಡದ ತೆಲುಗು ಮಗುವಿನ ಪಾಡು ಇದಕ್ಕೆ ತಿರುಗುಮುರುಗು.

ಆದ್ದರಿಂದ ದಾಖಲಾತಿ ಆಂದೋಲನಗಳು ಜೂನ್‌ನಲ್ಲಿ ನಡೆದರೆ ಸಾಲದು. ಗುಳೆ ಹೊರಡುವ ಮುನ್ನ, ದೀಪಾವಳಿಯ ಹೊತ್ತಿಗೆ, ಯಾವ ಮನೆ ಎಲ್ಲಿಗೆ ಹೋಗುತ್ತದೆ, ಮಗು ಯಾರ ಬಳಿ ಉಳಿಯುತ್ತದೆ ಎಂಬ ಲೆಕ್ಕ ಶಾಲೆಯಲ್ಲಿರಬೇಕು. ವಸತಿನಿಲಯ ಹತ್ತನೇ ತರಗತಿಯವರೆಗೂ ಸಲ್ಲಬೇಕು, ಪರೀಕ್ಷೆ ಮುಗಿಯುವವರೆಗೂ ತೆರೆದಿರಬೇಕು. ಹಾಜರಾತಿಯನ್ನು ಸಹಾಯಧನದ ಷರತ್ತಾಗಿಸುವ ಮೊದಲು ಅದನ್ನು ಸಾಧ್ಯವಾಗಿಸುವ ಹೊಣೆ ಸರ್ಕಾರದ್ದು.