ಘಾಟಿನ ಡಬ್ಬಿ ಯಾರ ಕೈಯಲ್ಲಿ?

ಮೆಣಸಿನಕಾಯಿ ನಮ್ಮ ಅಡುಗೆಮನೆಗೆ ಬಂದು ಐದು ಶತಮಾನವೂ ತುಂಬಿರಲಿಕ್ಕಿಲ್ಲ. ಅಮೆರಿಕ ಖಂಡದ ಈ ಬೆಳೆ 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಇಲ್ಲಿಗೆ ಬಂತು. ಆದರೆ ತನ್ನ ತವರಿನಲ್ಲಿ ಅದು ಬರೀ ಅಡುಗೆಯ ಪದಾರ್ಥವಾಗಿರಲಿಲ್ಲ. ಸುಮಾರು 1541ರಲ್ಲಿ ಮೆಕ್ಸಿಕೋದಲ್ಲಿ ರಚನೆಯಾದ 'ಕೋಡೆಕ್ಸ್ ಮೆಂಡೋಜಾ' ಎಂಬ ಚಿತ್ರಗ್ರಂಥದಲ್ಲಿ ಅಪ್ಪನೊಬ್ಬ ಹೇಳಿದ ಮಾತು ಕೇಳದ ಹನ್ನೊಂದು ವರ್ಷದ ಮಗನನ್ನು ಒಣಮೆಣಸಿನಕಾಯಿಯ ಹೊಗೆಗೆ ಒಡ್ಡಿದ್ದಾನೆ. ಅಲ್ಲಿ ಘಾಟು ಇರುವುದು ಬಲವುಳ್ಳವನ ಕೈಯಲ್ಲಿ.

ಅದೇ ಘಾಟು ದುರ್ಬಲರ ರಕ್ಷಣೆಗೆ ಡಬ್ಬಿಯಲ್ಲಿ ಸಿಗುವಂತಾದದ್ದು ತೀರಾ ಇತ್ತೀಚೆಗೆ. ಅದಕ್ಕೆ ಮೊದಲು ದಾರಿ ಮಾಡಿಕೊಟ್ಟದ್ದು 'ಮೇಸ್'. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಹೆಂಡತಿಯ ಸಹೋದ್ಯೋಗಿಯೊಬ್ಬಳನ್ನು ಬೀದಿಯಲ್ಲಿ ದೋಚಿದ ಸುದ್ದಿ ಕೇಳಿ, ಅಲನ್ ಲಿಟ್‌ಮನ್ ಎಂಬಾತ 1965ರಲ್ಲಿ ಅದನ್ನು ರೂಪಿಸಿದ. ಅದರಲ್ಲಿ ಇದ್ದದ್ದು ಮೆಣಸಿನಕಾಯಿಯಲ್ಲ, ಅಶ್ರುವಾಯುವಿನ ರಾಸಾಯನಿಕ. ಹೆಂಗಸರ ಕೈಚೀಲಕ್ಕೆಂದು ಹುಟ್ಟಿದ ಈ ಡಬ್ಬಿ ಕೆಲವೇ ವರ್ಷಗಳಲ್ಲಿ ಪೊಲೀಸರ ಸೊಂಟಪಟ್ಟಿ ಸೇರಿ, ಪ್ರತಿಭಟನಕಾರರ ಮುಖಕ್ಕೆ ತಿರುಗಿತು. ಮೆಣಸಿನಕಾಯಿಯ ಸಾರ ತುಂಬಿದ ಸ್ಪ್ರೇ 1980ರ ದಶಕದಲ್ಲಿ ಬಂತು. ಅದರ ಒಂದು ಕವಲು ಕಾಡಿನಲ್ಲಿ ಕರಡಿಗಳನ್ನು ಹಿಮ್ಮೆಟ್ಟಿಸಲು ಹೋದರೆ, ಇನ್ನೊಂದು ಮತ್ತೆ ಪೊಲೀಸರ ಕೈ ಸೇರಿತು. ಕಣ್ಣುರಿಸುವ ಇಂಥ ವಸ್ತುಗಳನ್ನು ಯುದ್ಧತಂತ್ರವಾಗಿ ಬಳಸುವುದನ್ನು 1993ರ ರಾಸಾಯನಿಕ ಅಸ್ತ್ರಗಳ ಒಪ್ಪಂದ ನಿಷೇಧಿಸುತ್ತದೆ. ದೇಶದೊಳಗೆ ಗಲಭೆ ಹತ್ತಿಕ್ಕಲು ಬಳಸುವುದಕ್ಕೆ ಮಾತ್ರ ಅದರ ಅಡ್ಡಿಯಿಲ್ಲ!

ನಮ್ಮಲ್ಲಿ 2012ರ ಡಿಸೆಂಬರ್‌ನ ದೆಹಲಿ ಅತ್ಯಾಚಾರದ ನಂತರ ಪೆಪ್ಪರ್ ಸ್ಪ್ರೇ ಮನೆಮಾತಾಯಿತು. ಹದಿನಾಲ್ಕು ತಿಂಗಳು ಕಳೆಯುವುದರೊಳಗೆ, 2014ರ ಫೆಬ್ರವರಿ 13ರಂದು, ತೆಲಂಗಾಣ ಮಸೂದೆಯ ಗದ್ದಲದಲ್ಲಿ ಸಂಸದರೊಬ್ಬರು ಅದನ್ನು ಲೋಕಸಭೆಯೊಳಗೇ ಸಿಂಪಡಿಸಿದರು. ಕೆಮ್ಮುತ್ತ, ಕಣ್ಣೊರೆಸಿಕೊಳ್ಳುತ್ತ ಸದಸ್ಯರು ಹೊರಗೋಡಿದರು.

ಹಾಗಾದರೆ ಇದು ರಕ್ಷಣೆಯೋ, ಆಯುಧವೋ? ಕರ್ನಾಟಕ ಹೈಕೋರ್ಟ್ 2024ರಲ್ಲಿ ಒಂದು ಪ್ರಕರಣದಲ್ಲಿ ಪೆಪ್ಪರ್ ಸ್ಪ್ರೇಯನ್ನು ಅಪಾಯಕಾರಿ ಆಯುಧವೆಂದೇ ಪರಿಗಣಿಸಿತು. ಜೀವಕ್ಕೆ ತಕ್ಷಣದ ಅಪಾಯ ಕಾಣದಿದ್ದುದರಿಂದ, ಆತ್ಮರಕ್ಷಣೆಯ ವಾದ ಒಪ್ಪಿ ಮೊಕದ್ದಮೆ ರದ್ದುಪಡಿಸಲು ನಿರಾಕರಿಸಿತು. ಕಾನೂನು ನೋಡುವುದು ಡಬ್ಬಿಯನ್ನಲ್ಲ, ಅದನ್ನು ಒತ್ತಿದ ಗಳಿಗೆಯನ್ನು. ಅಪಾಯದ ಸಕಾರಣ ಭಯ ಹುಟ್ಟಿದಾಗ ರಕ್ಷಣೆಯ ಹಕ್ಕು ಶುರುವಾಗುತ್ತದೆ; ಭಯ ಕಳೆದ ಮೇಲೆ ಅದೇ ಕೈ ಅಪರಾಧಿಯದಾಗಬಹುದು.

ರಾತ್ರಿ ಬಸ್ಸಿಳಿದು ಒಬ್ಬಳೇ ಮನೆಗೆ ನಡೆಯುವ ಹುಡುಗಿಯ ಚೀಲದಲ್ಲಿ ಆ ಡಬ್ಬಿ ಇರಲಿ. ಅದು ಕೊಡುವ ಎರಡು ನಿಮಿಷದ ಬಿಡುವೇ ಒಮ್ಮೊಮ್ಮೆ ಜೀವ ಉಳಿಸುತ್ತದೆ. ಆದರೆ ಘಾಟಿಗೆ ತನ್ನವರು, ಪರರು ಎಂಬುದಿಲ್ಲ. ಅದು ಯಾರ ಕೈಗೆ ಸಿಕ್ಕರೂ ದುಡಿಯುತ್ತದೆ. ದೀಪವಿಲ್ಲದ ಬೀದಿ, ಹೊತ್ತಿಗೆ ಬಾರದ ಬಸ್ಸು, ದೂರು ಬರೆದುಕೊಳ್ಳದ ಠಾಣೆ, ಇವುಗಳ ಹೊಣೆಯನ್ನೆಲ್ಲ ಅಂಗೈಯಗಲದ ಡಬ್ಬಿಯೊಂದಕ್ಕೆ ಹೊರಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ.