ಅವಸರದ ದೊಡ್ಡ ಆರ್ಡರ್: ನರ್ಸರಿಯವರೂ ಕೃಷಿಕರೂ ಗಮನಿಸಬೇಕಾದ ವಿಷಯಗಳು

ಪತ್ತನಾಜೆ ಹತ್ತಿರವಾದಂತೆ ನಮ್ಮ ಗಡಿಭಾಗದ ನರ್ಸರಿಗಳಿಗೆ ಫೋನುಗಳು ಹೆಚ್ಚುತ್ತವೆ. ಹತ್ತು ದಿನದೊಳಗೆ ಮೂರು ಸಾವಿರ ಅಡಿಕೆ ಸಸಿ ಬೇಕೆಂಬ ಬೇಡಿಕೆ ಅಪರೂಪವಲ್ಲ. ಹಳದಿ ಎಲೆ ರೋಗದಿಂದ ತೋಟ ಕಳೆದುಕೊಂಡು ಹೊಸದಾಗಿ ನೆಡುವವರು ಸುಳ್ಯದ ಕಡೆಯಿಂದ ಜಾಲ್ಸೂರು–ಚೆರ್ಕಳ ರಸ್ತೆಯಲ್ಲಿ ಬೋವಿಕಾನದವರೆಗೂ ವಿಚಾರಿಸಿಕೊಂಡು ಬರುವುದುಂಟು. ನಮ್ಮ ಸದಸ್ಯರಲ್ಲಿ ಸಸಿ ಮಾರುವವರೂ ಇದ್ದಾರೆ, ಕೊಳ್ಳುವವರೂ ಇದ್ದಾರೆ. ಇಬ್ಬರಿಗೂ ಉಪಯೋಗವಾಗಲೆಂದು ಈ ಮಾಹಿತಿಯನ್ನು ಕೊಡುತ್ತಿದ್ದೇವೆ.

ಸಸಿ ಸಿದ್ಧವಾಗಲು ಬೇಕಾದ ಕಾಲ

ಅಡಿಕೆ: ಚೆನ್ನಾಗಿ ಹಣ್ಣಾದ ಬೀಜದಡಿಕೆ ಮೊಳೆಯಲು ಒಂದೂವರೆಯಿಂದ ಮೂರು ತಿಂಗಳು. ತೊಟ್ಟೆಗೆ ಹಾಕಿದ ಮೇಲೆ ನೆಡುವ ಹದಕ್ಕೆ ಬರಲು ಸುಮಾರು ಒಂದು ವರ್ಷ.
ತೆಂಗು: 9ರಿಂದ 12 ತಿಂಗಳು.
ಗೇರು ಕಸಿ: ಬುಡದ ಗಿಡ ಬೆಳೆಸಲು ಎರಡು ತಿಂಗಳು, ಕಸಿ ಕಟ್ಟಿದ ಮೇಲೆ ಐದಾರು ತಿಂಗಳು.
ಕಾಳುಮೆಣಸು: ಫೆಬ್ರವರಿ–ಮಾರ್ಚ್‌ನಲ್ಲಿ ತೊಟ್ಟೆಗೆ ಹಾಕಿದ ಬಳ್ಳಿ ಮಳೆಗಾಲದ ಆರಂಭಕ್ಕೆ ಸಿದ್ಧ.

ಆದುದರಿಂದ ಮೇ ತಿಂಗಳಲ್ಲಿ ಬಂದ ಆರ್ಡರ್‌ಗೆ ಹೊಸದಾಗಿ ಸಸಿ ಬೆಳೆಸಿ ಕೊಡುವ ಪ್ರಶ್ನೆಯೇ ಇಲ್ಲ. ಇರುವುದನ್ನು ಆರಿಸಿ ಕೊಡಬೇಕು, ಇಲ್ಲದ್ದನ್ನು ಇಲ್ಲವೆನ್ನಬೇಕು.

ಒಪ್ಪುವ ಮೊದಲು ಎಣಿಕೆ

ಪುಸ್ತಕದಲ್ಲಿರುವ ಲೆಕ್ಕವನ್ನು ನಂಬದೆ ಸಾಲುಸಾಲಾಗಿ ಎಣಿಸಬೇಕು. ಅಡಿಕೆಯಲ್ಲಿ ಬುಡ ದಪ್ಪವಿದ್ದು, ಎತ್ತರ ಕಡಿಮೆಯಿದ್ದು, ಐದಕ್ಕಿಂತ ಹೆಚ್ಚು ಎಲೆ ಇರುವ ಸಸಿ ಉತ್ತಮ. ನೆರಳಿನಲ್ಲಿ ಉದ್ದಕ್ಕೆ ಸೊರಗಿ ಬೆಳೆದದ್ದು ನೋಡಲು ದೊಡ್ಡದಾದರೂ ಆರಿಸತಕ್ಕದ್ದಲ್ಲ. ಹೀಗೆ ಆರಿಸಿದ ನಂತರ ಉಳಿಯುವುದೇ ನಿಜವಾದ ದಾಸ್ತಾನು. ಅದರಲ್ಲಿ ಮೊದಲೇ ಮುಂಗಡ ಕೊಟ್ಟವರ ಸಸಿಗಳನ್ನು ಕಳೆಯಬೇಕು. ಹೊಸ ಗಿರಾಕಿ ಹೆಚ್ಚು ಹಣ ಕೊಡುತ್ತಾನೆಂದು ಹಳಬರ ಪಾಲನ್ನು ಮುಟ್ಟಬಾರದು.

ಕೊಳ್ಳುವವರೂ ಲೆಕ್ಕ ಹಾಕಿಯೇ ಬರಲಿ. 2.7 ಮೀಟರ್ ಅಂತರದಲ್ಲಿ ಎಕರೆಗೆ ಸುಮಾರು 550 ಅಡಿಕೆ ಸಸಿ ಹಿಡಿಯುತ್ತದೆ. ಸತ್ತ ಗಿಡದ ಜಾಗಕ್ಕೆಂದು ಸ್ವಲ್ಪ ಹೆಚ್ಚು ತೆಗೆದುಕೊಂಡರೆ ಸಾಕು. ಎಲ್ಲವೂ ಒಂದೇ ದಿನ ಬೇಕೆಂದಿಲ್ಲ. ನೀರು ಬಸಿಯುವ ಜಾಗದಲ್ಲಿ ಮೇ–ಜೂನ್‌ನಲ್ಲಿ ನೆಡಬಹುದು, ನೀರು ನಿಲ್ಲುವ ಜೇಡಿಮಣ್ಣಿನಲ್ಲಿ ಆಗಸ್ಟ್–ಸೆಪ್ಟೆಂಬರ್ ಒಳ್ಳೆಯದು. ಈ ಅವಕಾಶವನ್ನು ಬಳಸಿ ಎರಡು ಕಂತುಗಳಲ್ಲಿ ಪೂರೈಕೆ ಗೊತ್ತು ಮಾಡಿಕೊಂಡರೆ ಇಬ್ಬರಿಗೂ ಹಗುರ.

ಕಡಿಮೆ ಬಿದ್ದರೆ

ಬೇರೆ ನರ್ಸರಿಯಿಂದ ತರಿಸಿ ಭರ್ತಿ ಮಾಡುವುದು ತಪ್ಪಲ್ಲ, ಗಿರಾಕಿಗೆ ತಿಳಿಸದೆ ಮಾಡುವುದು ತಪ್ಪು. ತಂದ ಸಸಿಗಳನ್ನು ಬೇರೆ ಸಾಲಿನಲ್ಲಿಟ್ಟು, ರೋಗ–ಕೀಟ ನೋಡಿ, ಬೀಜದ ಮೂಲ ಬರೆದಿಡಬೇಕು. ವಿಟ್ಲ ಕೇಂದ್ರದಿಂದ 1972ರಲ್ಲಿ ಬಿಡುಗಡೆಯಾದ ‘ಮಂಗಳ’ವನ್ನು ಕೇಳಿದವರಿಗೆ ‘ಮೋಹಿತ್‌ನಗರ’ ಕೊಡಬೇಕಾಗಿ ಬಂದರೆ ಮೊದಲು ಒಪ್ಪಿಗೆ ಪಡೆಯಿರಿ. ಸಸಿಯಾಗಿದ್ದಾಗ ತಳಿಯ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಫಸಲು ಬರುವಾಗ ನಾಲ್ಕೈದು ವರ್ಷ ಕಳೆದಿರುತ್ತದೆ. ಅಷ್ಟರಲ್ಲಿ ಗೊಬ್ಬರ, ನೀರು, ಆಳಿನ ಸಂಬಳವೆಲ್ಲ ಖರ್ಚಾಗಿರುತ್ತದೆ. ಸಸಿಯ ಬೆಲೆ ಹಿಂದಿರುಗಿಸಿದರೆ ಆ ನಷ್ಟ ತುಂಬುವುದಿಲ್ಲ.

ಬರಹದಲ್ಲಿರಲಿ

ತಳಿ, ಸಸಿಯ ವಯಸ್ಸು, ಸಂಖ್ಯೆ, ದರ, ಮುಂಗಡ, ಪೂರೈಕೆಯ ದಿನಾಂಕ, ಬಾಡಿಗೆ ಯಾರದು, ದಾರಿಯಲ್ಲಿ ಹಾಳಾದರೆ ಯಾರ ಹೊಣೆ: ಈ ಎಂಟು ವಿಷಯಗಳು ಒಂದು ಹಾಳೆಯಲ್ಲಿ ಬರೆದು ಇಬ್ಬರ ರುಜು ಬೀಳಲಿ. ಪರಿಚಯದವರೆಂದು ಬಾಯಿಮಾತಿಗೆ ಬಿಟ್ಟಲ್ಲಿಯೇ ಜಗಳ ಹೆಚ್ಚು.

ಸಾಗಾಟ

ಹೇರುವ ಹಿಂದಿನ ಸಂಜೆ ನೀರು ಹಾಕಿ. ಸಸಿಯ ಕುತ್ತಿಗೆ ಹಿಡಿದು ಎತ್ತದೆ ತೊಟ್ಟೆಯನ್ನೇ ಹಿಡಿಯಬೇಕು. ಮಣ್ಣು ಸಡಿಲವಾದರೆ ಬೇರು ಹರಿಯುತ್ತದೆ. ಒಂದರ ಮೇಲೊಂದು ಪೇರಿಸಬೇಡಿ. ತಳಿಯೊಂದಕ್ಕೆ ಒಂದು ಬಣ್ಣದ ಗುರುತು ಕಟ್ಟಿ. ಬಿಸಿಲೇರುವ ಮೊದಲು ಹೊರಟು, ಇಳಿಸಿದ ಕೂಡಲೇ ನೆರಳಿನಲ್ಲಿಡಿ. ಇಳಿಸುವಲ್ಲಿ ಇಬ್ಬರೂ ನಿಂತು ಎಣಿಸಿ.

ಮುಂದಿನ ವರ್ಷ ತೋಟ ಮಾಡುವ ಯೋಚನೆಯುಳ್ಳವರು ಈಗಲೇ ನರ್ಸರಿಗೆ ಹೋಗಿ ಸಂಖ್ಯೆ ತಿಳಿಸಿ ಮುಂಗಡ ಕೊಡುವುದು ಉತ್ತಮ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅದರ ವಿಟ್ಲ ಕೇಂದ್ರ ಮತ್ತು ಗೇರು ತಳಿಗಳಿಗಾಗಿ ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ ನಮ್ಮ ಹೆಚ್ಚಿನ ಸದಸ್ಯರಿಗೆ ಒಂದು ದಿನದಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿವೆ. ತಳಿಯ ವಿಷಯದಲ್ಲಿ ಸಂಶಯವಿದ್ದರೆ ಅಲ್ಲಿ ವಿಚಾರಿಸಿಯೇ ನಿರ್ಧರಿಸಬೇಕಾಗಿ ವಿನಂತಿ.