ಹದಿನಾರು ಕೊಡದ ಲೆಕ್ಕ

ದಾವಣಗೆರೆಯಿಂದ ಹರಿಹರಕ್ಕೆ ಹೊರಟರೆ ನಡುವೆ ಬಾತಿ ಸಿಗುತ್ತೆ. ಊರಿಗೊಂದು ಕೆರೆ, ಸ್ವಲ್ಪ ಮುಂದೆ ಹೋದರೆ ತುಂಗಭದ್ರೆ. ಭದ್ರಾ ನಾಲೆ ಬಂದ ಮೇಲೆ ಈ ಸೀಮೆಯಲ್ಲಿ ಜೋಳ, ಹತ್ತಿ ಹಿಂದೆ ಸರಿದು ಭತ್ತ ಬಂತು. ದಾವಣಗೆರೆ ನಗರಕ್ಕೆ ಹೋಗುವ ಹೊಳೆನೀರನ್ನು ಶುದ್ಧ ಮಾಡುವ ಘಟಕ ಕೂಡ ದೊಡ್ಡಬಾತಿಯಲ್ಲೇ ಇದೆ. ಇಂಥ ಕಡೆ ಮನೆಯಲ್ಲಿ ನೀರಿಗೆ ತಾಪತ್ರಯ ಅಂದ್ರೆ ಬೆಂಗಳೂರಿನ ಗೆಳೆಯರು ನಂಬಲ್ಲ. ಸೀಮೆಯಲ್ಲಿ ನೀರಿರೋದು ಬೇರೆ, ಬಚ್ಚಲಲ್ಲಿ ನೀರಿರೋದು ಬೇರೆ. ನಡುವಿನ ದೂರವನ್ನು ಹೆಂಗಸರು ತಲೆ ಮೇಲೆ ಸಿಂಬೆ ಇಟ್ಟುಕೊಂಡು ನಡೆದೇ ತೀರಿಸುತ್ತಿದ್ದರು.

ಆ ದೂರಕ್ಕೊಂದು ಸರ್ಕಾರಿ ಅಳತೆಯೂ ಇತ್ತು. 1972-73ರಲ್ಲಿ ಕೇಂದ್ರ ಸರ್ಕಾರ ಹಳ್ಳಿಗಳ ನೀರಿಗೆ ದೊಡ್ಡ ಯೋಜನೆ ಶುರು ಮಾಡಿತು. 1.6 ಕಿಲೋಮೀಟರ್ ಒಳಗೆ ನೀರು ಸಿಕ್ಕಿದರೆ ಆ ಊರಿಗೆ ನೀರಿದೆ ಎಂದೇ ಲೆಕ್ಕ. ತಲೆಗೆ ದಿನಕ್ಕೆ 40 ಲೀಟರ್: ಕುಡಿಯಲು 3, ಅಡುಗೆಗೆ 5, ಸ್ನಾನಕ್ಕೆ 15, ಪಾತ್ರೆ-ಮನೆ ತೊಳೆಯಲು 7, ಶೌಚಕ್ಕೆ 10. ಬಟ್ಟೆ ಒಗೆಯೋದು ಈ ಪಟ್ಟಿಯಲ್ಲಿಲ್ಲ. ಕೊಟ್ಟಿಗೆಯ ಎಮ್ಮೆಯೂ ಇಲ್ಲ.

ಕಂಪ್ಯೂಟರ್ ಮುಂದೆ ಕೂರುವ ಚಟದಿಂದ ನಾನು ಇದನ್ನು ಲೆಕ್ಕ ಹಾಕಿದೆ. ಆರು ಜನರ ಮನೆಗೆ 240 ಲೀಟರ್. ಕೊಡಕ್ಕೆ 15 ಲೀಟರ್ ಹಿಡಿದರೆ ಹದಿನಾರು ಕೊಡ. ತಲೆ ಮೇಲೊಂದು, ಸೊಂಟದ ಮೇಲೊಂದು, ಅಂದರೆ ಎಂಟು ಸಲ. ನೀರು 1.6 ಕಿಲೋಮೀಟರ್ ದೂರ ಇದ್ದರೆ ದಿನಕ್ಕೆ 25 ಕಿಲೋಮೀಟರಿಗೂ ಹೆಚ್ಚು ನಡಿಗೆ, ಅದರಲ್ಲಿ ಅರ್ಧ ಭಾರ ಹೊತ್ತು. ಕಾಗದದ ಮೇಲೆ ಆ ಊರಿಗೆ ನೀರಿದೆ!

ಯಾರೂ ಅಷ್ಟು ನಡೆಯಲಿಲ್ಲ, ನಡೆಯೋಕೂ ಆಗಲ್ಲ. ಅದಕ್ಕೇ ನಮ್ಮ ಮನೆಗಳಲ್ಲಿ ನೀರಿಗೆ ದರ್ಜೆ ಬಂತು. ಸಿಹಿನೀರು ಕುಡಿಯೋಕೆ, ಬಟ್ಟೆ ಸೋಸಿ ತಾಮ್ರದ ಕೊಡಕ್ಕೆ. ಉಪ್ಪುನೀರು ಬಚ್ಚಲ ಹಂಡೆಗೆ. ಅಕ್ಕಿ ತೊಳೆದದ್ದು ಕಲಗಚ್ಚಿಗೆ, ಎಮ್ಮೆಗೆ. ಸ್ನಾನದ್ದು ಹಿತ್ತಲ ಬಾಳೆಗೆ. ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿ, ಒಂದೇ ತಂಬಿಗೆಯಲ್ಲಿ ಮೂರು ತಟ್ಟೆ ತೊಳೆಯುತ್ತಿದ್ದರು. ಬಟ್ಟೆ ಗಂಟು ಸೀದಾ ನಾಲೆಗೆ; ನಾಲೆ ನಿಂತರೆ ಗಂಟು ಬೆಳೆಯುತ್ತಿತ್ತು. ಈಗ ಇದನ್ನೆಲ್ಲ ಸರಳ ಬದುಕು ಅಂತ ಹೊಗಳುತ್ತಾರೆ. ಹೊಗಳುವವರು ಸಾಮಾನ್ಯವಾಗಿ ಗಂಡಸರು.

ಸೋಸೋದು ಬರೀ ಮಡಿಯಲ್ಲ. ಉತ್ತರ ಕರ್ನಾಟಕದ ಇಳಿಬಾವಿಗಳ ನೀರಿನಿಂದ ನಾರುಹುಣ್ಣು ಹಬ್ಬುತ್ತಿತ್ತು. ದಟ್ಟ ಬಟ್ಟೆಯಲ್ಲಿ ಸೋಸಿದರೆ ಅದನ್ನು ಹೊತ್ತು ತರುವ ಸಣ್ಣ ನೀರುಹುಳ ಬಟ್ಟೆಯಲ್ಲೇ ಉಳಿಯುತ್ತೆ. 2000ದಲ್ಲಿ ಭಾರತ ಆ ರೋಗದಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು.

ದೂರವನ್ನು ನಿಜಕ್ಕೂ ಕಡಿಮೆ ಮಾಡಿದ್ದು ಬೋರಿಂಗು, ಅಂದರೆ ಕೈಪಂಪು. ಮೊದಲು ಬಂದ ಎರಕದ ಕಬ್ಬಿಣದ ಪಂಪುಗಳು ಒಂದೇ ಮನೆಯ ಬಳಕೆಗೆ ಮಾಡಿದ್ದವು. ಇಡೀ ಊರು ಬೆಳಗಿಂದ ರಾತ್ರಿವರೆಗೆ ಒತ್ತಿದರೆ ಉಳಿಯುತ್ತಾ? ಸೊಲ್ಲಾಪುರದಲ್ಲಿ ಹುಟ್ಟಿದ ಗಟ್ಟಿ ಮಾದರಿಯನ್ನು ತಿದ್ದಿ, ಯುನಿಸೆಫ್ ನೆರವಿನಲ್ಲಿ 1970ರ ದಶಕದ ಕೊನೆಗೆ ಇಂಡಿಯಾ ಮಾರ್ಕ್-2 ತಯಾರಾಯಿತು. ನನ್ನ ಪ್ರಕಾರ ನಮ್ಮ ದೇಶದ ಅತ್ಯುತ್ತಮ ಎಂಜಿನಿಯರಿಂಗ್ ಕೆಲಸಗಳಲ್ಲಿ ಅದೂ ಒಂದು.

ಅದನ್ನು ಕರ್ನಾಟಕದ ಹಳ್ಳಿಹಳ್ಳಿಗೆ ಮುಟ್ಟಿಸಿದ ಹೆಸರು ಅಬ್ದುಲ್ ನಜೀರ್ ಸಾಬ್. 1983ರಲ್ಲಿ ಬಂದ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರು, ಗುಂಡ್ಲುಪೇಟೆಯವರು. ಬರದ ವರ್ಷಗಳಲ್ಲಿ ಊರೂರಿಗೆ ಬೋರ್ ಕೊರೆಸಿದರು. ಜನ ಅವರನ್ನು ‘ನೀರ್ ಸಾಬ್’ ಅಂದರು. ಮಂತ್ರಿಗೆ ಜನ ಕೊಟ್ಟ ಅದಕ್ಕಿಂತ ದೊಡ್ಡ ಬಿರುದು ನನಗಂತೂ ಗೊತ್ತಿಲ್ಲ. 1988ರಲ್ಲಿ ತೀರಿಕೊಂಡರು. ಪಂಚಾಯತಿ ವ್ಯವಸ್ಥೆಗೆ ಅವರು ಮಾಡಿದ್ದನ್ನು ಪಠ್ಯಪುಸ್ತಕಗಳು ಹೇಳುತ್ತವೆ, ಬಿಡಿ. ಹಳ್ಳಿಯ ಅಜ್ಜಿಯರಿಗೆ ನೆನಪಿರೋದು ಬೋರಿಂಗು.

2019ರ ಜಲ ಜೀವನ್ ಮಿಷನ್‌ನಲ್ಲಿ ಲೆಕ್ಕ 55 ಲೀಟರ್ ಆಯಿತು, ನಲ್ಲಿ ಮನೆಗೇ ಬರಬೇಕು ಎಂದಾಯಿತು. ನಲ್ಲಿ ಬಂದರೂ ಊರ ಮನೆಗಳ ಬಚ್ಚಲಿನ ಡ್ರಮ್ಮು ಜಾಗ ಬಿಟ್ಟಿಲ್ಲ. ಮೋಟರ್ ಸುಟ್ಟ ದಿನ ಅದೇ ಗತಿ.

2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಆ ಬೇಸಿಗೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆರ್‌ಓ ಯಂತ್ರ ಹೊರಬಿಟ್ಟ ನೀರನ್ನು ಬಕೆಟ್‌ನಲ್ಲಿ ಹಿಡಿದು ನೆಲ ಒರೆಸೋಕೆ ಶುರು ಮಾಡಿದರು. ಊರಿಂದ ಬಂದಿದ್ದ ಅವ್ವ ನೋಡಿ, ‘ಎಮ್ಮೆ ಒಂದು ಇಲ್ಲ ನೋಡು ಇಲ್ಲಿ’ ಅಂದಳು.